ಕದ್ದ ವಿಡಿಯೋಗಳಿಂದ ಶುರುವಾದ ಕ್ರಂಚಿರೋಲ್ ಇಷ್ಟು ಬೆಳೆದದ್ದು ಹೇಗೆ? ಅದರಲ್ಲಿ ಕನ್ನಡ ಯಾಕಿಲ್ಲ?

ಮಲೆನಾಡ_ಮಳೆ
ಎಲ್ಲರಿಗೂ ನಮಸ್ಕಾರ. ನನಗೂ ನನ್ನ ತಮ್ಮನಿಗೂ ಒಂದು ಜಗಳ ನಡೆಯುತ್ತಲೇ ಇದೆ. ಅವನು ಅನಿಮೆ (ಜಪಾನಿನ ಆನಿಮೇಷನ್ ಸರಣಿ) ನೋಡುವುದೆಲ್ಲ ಪೈರಸಿ ಸೈಟಿನಲ್ಲಿ. "ತಿಂಗಳಿಗೆ ಒಂದು ಮಸಾಲೆ ದೋಸೆಯ ದುಡ್ಡು, ಅನಿಮೆ ತೋರಿಸುವ ಕ್ರಂಚಿರೋಲ್ ತಾಣಕ್ಕೆ ಚಂದಾ ಕಟ್ಟಿ ನೋಡೋ" ಅಂದರೆ "ಆ ಕಂಪನಿ ಹುಟ್ಟಿದ್ದೇ ಕದ್ದ ವಿಡಿಯೋ ಹಾಕಿ, ಅವರಿಗಿಲ್ಲದ ನೀತಿ ನನಗ್ಯಾಕೆ" ಅನ್ನುತ್ತಾನೆ.

ಹುಡುಕಿ ನೋಡಿದರೆ ಅವನ ಮಾತು ಸುಳ್ಳಲ್ಲ. 2006ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದಿದ ಕೆಲವರು ಶುರು ಮಾಡಿದ ಸೈಟ್ ಅದು. ಯಾರು ಬೇಕಾದರೂ ವಿಡಿಯೋ ಹಾಕಬಹುದಿತ್ತು. ಅಭಿಮಾನಿಗಳೇ ಸಬ್‌ಟೈಟಲ್ ಹಾಕಿದ ಜಪಾನಿ ಅನಿಮೆ ಅಲ್ಲಿ ರಾಶಿ ರಾಶಿ ಇತ್ತು. ಹಾಗೆ ಹಾಕಿದ ಯಾರ ಹತ್ತಿರವೂ ಹಕ್ಕು ಇರಲಿಲ್ಲ. ಅದೇ ಕಂಪನಿ ಇವತ್ತು ಸೋನಿ ಕೈಯಲ್ಲಿದೆ. ದುಡ್ಡು ಕೊಡುವ ಚಂದಾದಾರರೇ 1.5 ಕೋಟಿ ದಾಟಿದ್ದಾರೆ.

ಕೇಸ್ ಬಿದ್ದು ಮುಚ್ಚಿಹೋಗಬೇಕಿದ್ದ ಸೈಟ್ ಲೈಸೆನ್ಸ್ ತಗೊಂಡು ಬದುಕಿದ್ದು ಹೇಗೆ? ಇದು ನನ್ನ ಪ್ರಶ್ನೆ. ಜೊತೆಗೆ ಇನ್ನೊಂದು: ಹಿಂದಿ, ತಮಿಳು, ತೆಲುಗಿಗೆ ಡಬ್ ಬರುತ್ತಿದೆ, ಕನ್ನಡಕ್ಕೆ ಯಾಕಿಲ್ಲ? ಗೊತ್ತಿದ್ದವರು ಹೇಳಿ.

ಹಳೇ_ಟೊರೆಂಟ್
ಆ ಕಾಲವನ್ನು ಹತ್ತಿರದಿಂದ ನೋಡಿದವನು ನಾನು. ನಡೆದದ್ದು ಹೀಗೆ.

2008ರಲ್ಲಿ ವೆನ್‌ರಾಕ್ ಅನ್ನುವ ಹೂಡಿಕೆ ಸಂಸ್ಥೆ ಈ ಸೈಟಿಗೆ 40.5 ಲಕ್ಷ ಡಾಲರ್ ಹಾಕಿತು. ಆಗ ಅಮೆರಿಕದಲ್ಲಿ ಅನಿಮೆ ಡಿವಿಡಿ ಮಾರುತ್ತಿದ್ದ ಫ್ಯೂನಿಮೇಷನ್, ಬಂದಾಯ್ ಥರದ ಕಂಪನಿಗಳಿಗೆ ಸಿಟ್ಟು ನೆತ್ತಿಗೇರಿತು. ನಾವು ಹಕ್ಕಿಗೆ ದುಡ್ಡು ಸುರಿಯುತ್ತಿದ್ದೇವೆ, ಇವರು ಪುಕ್ಕಟೆ ಹಾಕಿ ಬಂಡವಾಳ ಎತ್ತುತ್ತಿದ್ದಾರೆ ಅಂತ. ನ್ಯಾಯವಾದ ಸಿಟ್ಟೇ.

2009ರ ಜನವರಿಯಲ್ಲಿ ಎಲ್ಲ ಬದಲಾಯಿತು. ಜಪಾನಿನ ವಾಹಿನಿ ಟಿವಿ ಟೋಕಿಯೋ ಜೊತೆ ಒಪ್ಪಂದ ಆಯಿತು. ನರುಟೊ ಶಿಪ್ಪುಡೆನ್ ಸರಣಿಯ ಹೊಸ ಕಂತು ಜಪಾನಿನ ಟಿವಿಯಲ್ಲಿ ಬಂದ ಒಂದು ಗಂಟೆಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಸೈಟಿಗೆ ಬರುತ್ತಿತ್ತು. ಚಂದಾ ಕಟ್ಟಿದವರಿಗೆ ಆಗಲೇ, ಉಳಿದವರಿಗೆ ಒಂದು ವಾರ ಬಿಟ್ಟು ಜಾಹೀರಾತಿನ ಜೊತೆ ಉಚಿತ. ಅದರ ಜೊತೆಗೇ ಹಕ್ಕಿಲ್ಲದ ವಿಡಿಯೋಗಳನ್ನೆಲ್ಲ ಕಿತ್ತು ಹಾಕಿದರು.

ನರುಟೊಗೆ ಸಬ್‌ಟೈಟಲ್ ಮಾಡುತ್ತಿದ್ದ ದೊಡ್ಡ ಅಭಿಮಾನಿ ಗುಂಪು ದತ್ತೆಬಾಯೋ. ಅವರು ಆ ಸರಣಿಯ ಕೆಲಸವನ್ನೇ ನಿಲ್ಲಿಸಿದರು. ಯಾರೂ ಅವರ ಮೇಲೆ ಕೇಸ್ ಹಾಕಿರಲಿಲ್ಲ. ಅಧಿಕೃತವಾಗಿಯೇ ಅಷ್ಟು ಬೇಗ ಸಿಗುವಾಗ ಅವರ ಕೆಲಸಕ್ಕೆ ಜಾಗ ಉಳಿಯಲಿಲ್ಲ.

ಕರಾವಳಿ_ಕೂಸು
ಒಂದು ಗಂಟೆ! ಅದಕ್ಕೂ ಮೊದಲು ಅಧಿಕೃತ ಡಿವಿಡಿ ಬರಲಿಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು ಮಾರಾಯ್ರೆ. ಜನ ಬೇರೆ ಎಲ್ಲಿಗೆ ಹೋಗ್ತಾರೆ?

ಹುಬ್ಬಳ್ಳಿ_ಮಂದಿ
ಅಷ್ಟು ಸರಳ ಅಲ್ರಿ. ಹಳೇ_ಟೊರೆಂಟ್ ಅಣ್ಣಾವ್ರು ಹೇಳಿದ್ದು ಖರೆ, ಆದರೆ ಕಾನೂನಿನ ಭಾಗ ಬಿಟ್ಟರು.

ಅಮೆರಿಕದಲ್ಲಿ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆ ಇದೆ. ಬಳಕೆದಾರರು ಏನೋ ಹಾಕಿದರು, ಹಕ್ಕುದಾರರು ನೋಟಿಸ್ ಕೊಟ್ಟ ಕೂಡಲೇ ಸೈಟಿನವರು ತೆಗೆದರು ಅಂದರೆ ಸೈಟಿಗೆ ಒಂದಷ್ಟು ರಕ್ಷಣೆ ಸಿಗುತ್ತದೆ. ಯೂಟ್ಯೂಬ್ ಮೊದಲ ವರ್ಷಗಳಲ್ಲಿ ಬದುಕಿದ್ದೂ ಅದೇ ನೆರಳಿನಲ್ಲಿ. ಇವರೂ ಹಾಗೆಯೇ ಸಮಯ ಗಿಟ್ಟಿಸಿದರು. ಆ ಸಮಯದಲ್ಲಿ ಲಕ್ಷಗಟ್ಟಲೆ ನೋಡುಗರನ್ನು ಕೂಡಿಸಿಕೊಂಡರು. ಜಪಾನಿನವರ ಮುಂದೆ ಕೂತಾಗ "ನೋಡ್ರಿ, ನಿಮ್ಮ ಸರಣಿಗೆ ಇಷ್ಟು ಮಂದಿ ಹೊರದೇಶದಾಗ ಕಾಯ್ತಾ ಇದ್ದಾರ" ಅಂತ ತೋರಿಸಲಿಕ್ಕೆ ಅವರ ಕೈಯಲ್ಲಿ ಲೆಕ್ಕ ಇತ್ತು. ಪ್ರಾಮಾಣಿಕವಾಗಿ ಮೊದಲ ದಿನದಿಂದ ಲೈಸೆನ್ಸ್ ಕೇಳಿದ್ದರೆ ಯಾರೂ ಬಾಗಿಲು ತೆಗೀತಿರಲಿಲ್ಲ.

ಅದು ಸರಿಯೋ ತಪ್ಪೋ ಅಂದರೆ, ತಪ್ಪು ಅಂತಲೇ ಹೇಳ್ತೀನಿ ನಾನು. ಆ ಮೂರು ವರ್ಷದ ಗಳಿಕೆಯಲ್ಲಿ ಚಿತ್ರ ಬರೆದವರಿಗೆ ಒಂದು ಪೈಸೆ ಹೋಗಲಿಲ್ಲ.

ಮಲೆನಾಡ_ಮಳೆ
ನನ್ನ ತಮ್ಮ ಇದನ್ನೇ ಹಿಡಿದುಕೊಂಡು ಕೂತಿದ್ದಾನೆ ಸರ್! "ಅವರು ಮಾಡಿದರೆ ಬಿಸಿನೆಸ್, ನಾನು ಮಾಡಿದರೆ ಕಳ್ಳತನ" ಅಂತ.

ಹುಬ್ಬಳ್ಳಿ_ಮಂದಿ
ತಮ್ಮನಿಗೆ ಹೇಳ್ರಿ, ಅವರು 2009ರಲ್ಲಿ ನಿಲ್ಲಿಸಿದರು. ಅವನು ಯಾವಾಗ ನಿಲ್ಲಿಸ್ತಾನ?

ಟೋಕಿಯೋ_ಕನ್ನಡಿಗ
ಜಪಾನ್ ಕಡೆಯ ಕಥೆ ನಾನು ಸೇರಿಸುತ್ತೇನೆ. ಅದು ತಿಳಿಯದೆ ಲೈಸೆನ್ಸ್ ಅನ್ನುವುದು ಯಾಕೆ ಅಷ್ಟು ಕಷ್ಟ ಅಂತ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಅನಿಮೆ ಸರಣಿ ಸಾಮಾನ್ಯವಾಗಿ ಒಬ್ಬರ ಸೊತ್ತಲ್ಲ. ಪ್ರಕಾಶಕರು, ಟಿವಿ ವಾಹಿನಿ, ಮ್ಯೂಸಿಕ್ ಕಂಪನಿ, ಆಟಿಕೆ ಕಂಪನಿ, ಜಾಹೀರಾತು ಸಂಸ್ಥೆ ಎಲ್ಲರೂ ಸೇರಿ ನಿರ್ಮಾಣ ಸಮಿತಿ ಮಾಡಿಕೊಳ್ಳುತ್ತಾರೆ. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕುತ್ತಾರೆ. ಸರಣಿ ಬಿದ್ದರೆ ನಷ್ಟವೂ ಹಂಚಿಹೋಗುತ್ತದೆ. ಹಕ್ಕುಗಳೂ ಹಾಗೆಯೇ ಹಂಚಿಹೋಗುತ್ತವೆ. ಹೊರದೇಶದ ಪ್ರಸಾರಕ್ಕೆ ಒಬ್ಬರು, ಹಾಡಿಗೆ ಇನ್ನೊಬ್ಬರು. ಒಂದು ಸರಣಿ ಅಮೆರಿಕದಲ್ಲಿ ಇದೆ, ಭಾರತದಲ್ಲಿ ಇಲ್ಲ ಅಂದರೆ ಕಾರಣ ಬಹುತೇಕ ಇದೇ. ದೇಶ ದೇಶಕ್ಕೆ ಬೇರೆ ಬೇರೆ ಹಕ್ಕು ಮಾರಾಟ ಆಗಿರುತ್ತದೆ.

ಮೊದಲು ಈ ಸಮಿತಿಗಳಿಗೆ ಹೊರದೇಶ ಅನ್ನುವುದು ಮೇಲಿನ ಆದಾಯ ಮಾತ್ರ. ಈಗ ಹಾಗಿಲ್ಲ. 2023ರಲ್ಲಿ ಅನಿಮೆ ಮಾರುಕಟ್ಟೆಯ ಹೊರದೇಶದ ಪಾಲು 1.7 ಲಕ್ಷ ಕೋಟಿ ಯೆನ್ ದಾಟಿ, ಜಪಾನಿನ ಒಳಗಿನ ಪಾಲನ್ನೇ ಹಿಂದೆ ಹಾಕಿತು. ಇಷ್ಟು ದೊಡ್ಡ ಬದಲಾವಣೆಗೆ ಸ್ಟ್ರೀಮಿಂಗ್ ಮುಖ್ಯ ಕಾರಣ. ಕ್ರಂಚಿರೋಲ್ ಕೂಡ ಸುಮ್ನೆ ಕೊಳ್ಳುವವರಾಗಿ ಉಳಿಯಲಿಲ್ಲ. 2015ರಲ್ಲಿ ಜಪಾನಿನ ದೊಡ್ಡ ವ್ಯಾಪಾರ ಸಂಸ್ಥೆ ಸುಮಿಟೊಮೊ ಕಾರ್ಪೊರೇಷನ್ ಜೊತೆ ಸೇರಿ ನೇರವಾಗಿ ಈ ಸಮಿತಿಗಳಲ್ಲೇ ದುಡ್ಡು ಹಾಕಲು ಶುರು ಮಾಡಿದರು.

ಬಣ್ಣದ_ಬುಗುರಿ
ಹಾಗಾದರೆ ನಾನು ಕಟ್ಟುವ ಚಂದಾ ಚಿತ್ರ ಬರೆಯುವವರಿಗೆ ತಲುಪುತ್ತದಾ? ನಾನೂ ಆನಿಮೇಷನ್ ಕೆಲಸದಲ್ಲಿ ಇದ್ದೇನೆ. ನನಗೆ ಮುಖ್ಯ ಪ್ರಶ್ನೆ ಇದೇ.

ಟೋಕಿಯೋ_ಕನ್ನಡಿಗ
ನೇರವಾಗಿ ಇಲ್ಲ ಅಕ್ಕ. ಲೈಸೆನ್ಸ್ ದುಡ್ಡು ಸಮಿತಿಗೆ ಹೋಗುತ್ತದೆ. ಸ್ಟುಡಿಯೋ ಆ ಸಮಿತಿಯಲ್ಲಿ ಪಾಲುದಾರ ಆಗಿದ್ದರೆ ಲಾಭದಲ್ಲಿ ಪಾಲು. ಇಲ್ಲದಿದ್ದರೆ ಮಾಡಿಕೊಟ್ಟ ಕೆಲಸಕ್ಕೆ ಒಪ್ಪಿದ ಮೊತ್ತ ಅಷ್ಟೇ, ಸರಣಿ ಲೋಕವೆಲ್ಲ ಗೆದ್ದರೂ ಜಾಸ್ತಿ ಬರುವುದಿಲ್ಲ. ಎಷ್ಟೋ ಸ್ಟುಡಿಯೋಗಳು ಆ ಎರಡನೇ ಸಾಲಿನಲ್ಲೇ ಇವೆ. ಅದರ ಕೆಳಗೆ ಚಿತ್ರಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ಕೂಲಿ ತಗೊಳ್ಳುವ ಹೊಸ ಕಲಾವಿದರು. ಟೋಕಿಯೋದಂಥ ಊರಲ್ಲಿ ಆ ದುಡ್ಡಲ್ಲಿ ಬಾಡಿಗೆ ಕಟ್ಟುವುದೇ ಕಷ್ಟ.

ಬಣ್ಣದ_ಬುಗುರಿ
ಬೆಂಗಳೂರಲ್ಲಿ ಹೊರದೇಶದ ಸರಣಿಗಳಿಗೆ ಕೆಲಸ ಮಾಡುವ ನಮಗೂ ಇದೇ ಪಾಡು. ಹೆಸರೂ ಬರುವುದಿಲ್ಲ, ಪಾಲೂ ಇಲ್ಲ. ನಾನು ಹಿಂದೆ ಇದ್ದ ಒಂದು ಸ್ಟುಡಿಯೋದಲ್ಲಿ ರಾತ್ರಿ ಎರಡರವರೆಗೆ ಕೂತ ಕೆಲಸಕ್ಕೆ ಟೈಟಲ್ ಕಾರ್ಡಿನಲ್ಲಿ ಕಂಪನಿ ಹೆಸರು ಮಾತ್ರ ಬಂತು. ಆದರೂ ಪೈರಸಿಗೆ ನನ್ನ ಬೆಂಬಲ ಇಲ್ಲ. ಪಾಲು ಕಡಿಮೆ ಅಂತ ಇಡೀ ದುಡ್ಡನ್ನೇ ನಿಲ್ಲಿಸಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ನಾವೇ.

ಮೈಸೂರು_ಮಲ್ಲಿಗೆ_07
ಕ್ರಂಚಿರೋಲ್ ಒಂದೇ ಯಾಕೆ ಗೆದ್ದಿತು ಅನ್ನುವುದಕ್ಕೆ ಸೋತವರನ್ನೂ ನೋಡಬೇಕು.

ಜಪಾನಿನ ಅನಿಮೆ ಕಂಪನಿಗಳೇ ಸೇರಿ 2013ರಲ್ಲಿ ದೈಸುಕಿ ಅಂತ ಸ್ವಂತ ಸ್ಟ್ರೀಮಿಂಗ್ ತಾಣ ತೆರೆದರು. ಸರಕು ಅವರದ್ದೇ, ಹಕ್ಕು ಅವರದ್ದೇ. 2017ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅದೇ ವರ್ಷದ ಜನವರಿಯಲ್ಲಿ ಅಮೆಜಾನ್ ಅಮೆರಿಕದಲ್ಲಿ ಅನಿಮೆ ಸ್ಟ್ರೈಕ್ ಅಂತ ತಂದಿತು. ಪ್ರೈಮ್ ಚಂದಾ ಕಟ್ಟಿದ ಮೇಲೂ ತಿಂಗಳಿಗೆ ಮತ್ತೆ 5 ಡಾಲರ್! ವರ್ಷ ತುಂಬುವಷ್ಟರಲ್ಲಿ ಅದೂ ನಿಂತಿತು. ನೆಟ್‌ಫ್ಲಿಕ್ಸ್ ಹತ್ತಿರ ದುಡ್ಡಿಗೆ ಬರವೇ? ಆದರೆ ಅವರು ಎಷ್ಟೋ ಸರಣಿಗಳನ್ನು ಜಪಾನಿನಲ್ಲಿ ಪೂರ್ತಿ ಮುಗಿಯುವವರೆಗೆ ಹೊರಗೆ ಬಿಡುತ್ತಿರಲಿಲ್ಲ. ವಾರ ವಾರ ಒಂದೊಂದು ಕಂತು ನೋಡಿ ಮಾತಾಡುವ ಖುಷಿಯೇ ಅಭಿಮಾನಿಗಳಿಗೆ ಮುಖ್ಯ. ಕ್ರಂಚಿರೋಲ್‌ಗೆ ಅದು ಗೊತ್ತಿತ್ತು, ಯಾಕೆಂದರೆ ಅವರು ಆ ಅಭಿಮಾನಿಗಳ ನಡುವಿನಿಂದಲೇ ಬಂದವರು.

ಹಳೇ_ಟೊರೆಂಟ್
ಸರಿಯಾಗಿ ಹೇಳಿದಿರಿ ಮೇಡಂ. ಇನ್ನೊಂದು ಸಣ್ಣ ವಿಷಯ. ಒಳ್ಳೆಯ ಅಭಿಮಾನಿ ಸಬ್‌ಟೈಟಲ್ ಅಂದರೆ ಮಾತು ಮಾತ್ರ ಅಲ್ಲ. ಗೋಡೆಯ ಮೇಲಿನ ಬೋರ್ಡ್, ಫೋನಿನಲ್ಲಿ ಬಂದ ಮೆಸೇಜ್, ಎಲ್ಲಕ್ಕೂ ಅಲ್ಲಲ್ಲೇ ಅಕ್ಷರ ಕೂರಿಸುತ್ತಿದ್ದರು. ಏಜಿಸಬ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಮಾಡುತ್ತಿದ್ದ ಕೆಲಸ ಅದು. ಕ್ರಂಚಿರೋಲ್ ಆ ಪದ್ಧತಿಯನ್ನು ಉಳಿಸಿಕೊಂಡಿತು. ಬೇರೆ ತಾಣಗಳಲ್ಲಿ ಕೆಳಗೆ ಎರಡು ಸಾಲು, ಅಷ್ಟೇ.

ಬೆಂದಕಾಳೂರು
ಇದೆಲ್ಲ ಸರಿ ಗುರು, ಆದರೆ ನೀವೆಲ್ಲ ಕಂಪನಿಯ ಪರ ಮಾತಾಡ್ತಿದ್ದೀರಿ. ಮಾಲೀಕರು ಎಷ್ಟು ಸಲ ಬದಲಾದರು ಅಂತ ಯಾರೂ ಹೇಳಲಿಲ್ಲ.

2013ರಲ್ಲಿ ಅಮೆರಿಕದ ಮಾಧ್ಯಮ ಹೂಡಿಕೆ ಕಂಪನಿ ಚೆರ್ನಿನ್ ಗ್ರೂಪ್ ದೊಡ್ಡ ಪಾಲು ಕೊಂಡಿತು. 2018ರಲ್ಲಿ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಕೈಗೆ ಹೋಯಿತು. 2020ರ ಡಿಸೆಂಬರ್‌ನಲ್ಲಿ ಸೋನಿ ಕೊಳ್ಳುತ್ತೇವೆ ಅಂತ ಹೇಳಿತು, 117.5 ಕೋಟಿ ಡಾಲರ್. ಅಮೆರಿಕದ ನ್ಯಾಯ ಇಲಾಖೆಯ ಪರಿಶೀಲನೆ ದಾಟಿ 2021ರ ಆಗಸ್ಟ್‌ನಲ್ಲಿ ವ್ಯವಹಾರ ಮುಗಿಯಿತು. ನೆನಪಿಡಿ, 2008ರಲ್ಲಿ ಸಿಟ್ಟಾಗಿದ್ದ ಫ್ಯೂನಿಮೇಷನ್ ಅನ್ನು ಸೋನಿ 2017ರಲ್ಲೇ ತಗೊಂಡಿತ್ತು. ಈಗ ಎರಡೂ ಒಂದೇ. ಅನಿಮೆ ಮಾಡಿಸುವ ಅನಿಪ್ಲೆಕ್ಸ್ ಕಂಪನಿ ಕೂಡ ಸೋನಿಯದು. ಅಂದರೆ ಸರಣಿ ಮಾಡಿಸುವವರು, ಹೊರದೇಶಕ್ಕೆ ಹಂಚುವವರು, ತೋರಿಸುವವರು ಎಲ್ಲ ಒಂದೇ ಮನೆ. ಅದರ ಮೇಲೆ 2025ರ ಶುರುವಿನಲ್ಲಿ ಕಡೊಕವಾ ಪ್ರಕಾಶನ ಸಂಸ್ಥೆಯಲ್ಲೂ ಸೋನಿಯೇ ಅತಿ ದೊಡ್ಡ ಪಾಲುದಾರ ಆಯಿತು.

ಇಷ್ಟು ದೊಡ್ಡದಾದ ಮೇಲೆ ಏನಾಯಿತು? 2022ರ ಏಪ್ರಿಲ್ ಸೀಸನ್‌ನಿಂದ ಹೊಸ ಸರಣಿಗಳನ್ನು ಜಾಹೀರಾತಿನ ಜೊತೆ ಉಚಿತವಾಗಿ ಕೊಡುವುದನ್ನು ನಿಲ್ಲಿಸಿದರು. 2009ರಲ್ಲಿ ಬಡ ವಿದ್ಯಾರ್ಥಿಗಳನ್ನೂ ಕಾನೂನಿನ ದಾರಿಗೆ ತಂದದ್ದೇ ಆ ಒಂದು ವಾರದ ಬಾಗಿಲು. ಅದನ್ನೇ ಮುಚ್ಚಿದರು. 2024ರ ಏಪ್ರಿಲ್‌ನಲ್ಲಿ ಫ್ಯೂನಿಮೇಷನ್ ಆ್ಯಪ್ ಮುಚ್ಚಿದಾಗ, ಡಿಸ್ಕ್ ಕೊಂಡವರಿಗೆ ಅಲ್ಲಿ ಕೊಟ್ಟಿದ್ದ ಡಿಜಿಟಲ್ ಪ್ರತಿಗಳೂ ಹೋದವು. ಕೊಂಡ ವಸ್ತು ಕಣ್ಣೆದುರೇ ಮಾಯ!

ಮೈಸೂರು_ಮಲ್ಲಿಗೆ_07
ಡಿಜಿಟಲ್ ಪ್ರತಿಯ ವಿಷಯದಲ್ಲಿ ನಿಮ್ಮ ಜೊತೆ ನೂರಕ್ಕೆ ನೂರು ಇದ್ದೇನೆ. ಉಚಿತ ನಿಲ್ಲಿಸಿದ್ದರ ಬಗ್ಗೆ ಮಾತ್ರ ಪೂರ್ತಿ ಒಪ್ಪಲಾರೆ. ಅದೇ 2022ರಲ್ಲಿ ಎಷ್ಟೋ ದೇಶಗಳಲ್ಲಿ ದರ ಇಳಿಸಿದರು. ಭಾರತದಲ್ಲಿ ತಿಂಗಳಿಗೆ 79 ರೂಪಾಯಿಗೆ ತಂದರು. ಅಮೆರಿಕದವರು ಆಗ 7.99 ಡಾಲರ್ ಕೊಡುತ್ತಿದ್ದರು.

ಬೆಂದಕಾಳೂರು
79 ರೂಪಾಯಿ ಕೊಡಲು ಕಾರ್ಡ್ ಬೇಕು, ಯುಪಿಐ ಬೇಕು. ಹೈಸ್ಕೂಲ್ ಹುಡುಗನ ಹತ್ತಿರ ಏನಿದೆ?

ಕರಾವಳಿ_ಕೂಸು
ಅಪ್ಪನ ಫೋನು ಉಂಟಲ್ಲ. ತಮಾಷೆ ಬಿಡಿ, ಉಚಿತವಾಗಿ ಕಾನೂನುಬದ್ಧವಾಗಿ ನೋಡುವವರಿಗೆ ಯೂಟ್ಯೂಬಿನಲ್ಲಿ ಮ್ಯೂಸ್ ಏಷ್ಯಾ, ಆನಿ-ವನ್ ಏಷ್ಯಾ ಚಾನೆಲ್ ಇವೆ. ಮ್ಯೂಸ್ ತೈವಾನಿನದ್ದು, ಆನಿ-ವನ್ ಹಾಂಕಾಂಗಿನ ಮೀಡಿಯಾಲಿಂಕ್ ಅವರದ್ದು. ಹಕ್ಕು ಕೊಂಡು ಹಾಕುವವರು. ನಾನು ಪಿಯುಸಿಯಲ್ಲಿ ಇದ್ದಾಗ ಪೂರ್ತಿ ಅಲ್ಲೇ ನೋಡಿದ್ದು. ನಿಮ್ಮ ತಮ್ಮನಿಗೆ ಹೇಳಿ ಮಲೆನಾಡ_ಮಳೆ ಅಕ್ಕ, ಕದಿಯುವ ಅಗತ್ಯವೇ ಇಲ್ಲ.

ಮಲೆನಾಡ_ಮಳೆ
ಇದು ಗೊತ್ತಿರಲಿಲ್ಲ, ಇವತ್ತೇ ಲಿಂಕ್ ಕಳಿಸುತ್ತೇನೆ. ಅವನಿಗೆ ಬೇಕಾದ ಸರಣಿ ಅಲ್ಲಿ ಇದ್ದರೆ ಅರ್ಧ ಜಗಳ ಮುಗಿಯಿತು.

ರಾತ್ರಿ_ಪಾಳಿ
ಭಾರತದವರಿಗೆ ಒಂದು ಅನುಕೂಲ ಇದೆ, ಯಾರೂ ಹೇಳಲಿಲ್ಲ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ದೊಡ್ಡವರ ಅನಿಮೆ ಹೆಚ್ಚಾಗಿ ಬರುವುದು ನಡುರಾತ್ರಿ. ಅಲ್ಲಿ ಹನ್ನೆರಡು ಅಂದರೆ ನಮಗೆ ಎಂಟೂವರೆ. ಸಬ್‌ಟೈಟಲ್ ಜೊತೆ ಬರುವ ಹೊತ್ತಿಗೆ ನಮ್ಮ ಊಟದ ಸಮಯ. ಅಮೆರಿಕದವರಿಗೆ ಅದು ಬೆಳಗಿನ ಹೊತ್ತು, ಆಫೀಸಿನಲ್ಲಿ ಯಾರಾದರೂ ಕಥೆ ಹೇಳಿಬಿಡುತ್ತಾರೆ ಅಂತ ಸಂಜೆವರೆಗೆ ಕಿವಿ ಮುಚ್ಚಿಕೊಂಡಿರಬೇಕು.

ಸ್ಯಾನ್‌ಹೋಸೆ_ಗೌಡ
ನೂರಕ್ಕೆ ನೂರು ಸತ್ಯ. ನಮ್ಮ ಟೀಮಿನಲ್ಲಿ ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಮೊದಲು ಹೊಸ ಕಂತಿನ ವಿಷಯ ಎತ್ತಬಾರದು ಅಂತ ಒಪ್ಪಂದವೇ ಇದೆ.

ಹುಬ್ಬಳ್ಳಿ_ಮಂದಿ
ಕನ್ನಡದ ಪ್ರಶ್ನೆಗೆ ಯಾರೂ ಕೈ ಹಾಕವಲ್ಲರು. ನಾನೇ ಶುರು ಮಾಡ್ತೀನಿ. ಕಾರಣ ಬಹಳ ಸರಳ: ಜನಸಂಖ್ಯೆ. 2011ರ ಜನಗಣತಿ ಪ್ರಕಾರ ತೆಲುಗು ತಾಯ್ನುಡಿಯವರು 8.1 ಕೋಟಿ, ತಮಿಳು 6.9 ಕೋಟಿ, ಕನ್ನಡ 4.37 ಕೋಟಿ. ಕಂಪನಿ ಮೇಲಿನಿಂದ ಎಣಿಸುತ್ತದೆ.

ಗ್ರಾಹಕ_ಕನ್ನಡಿಗ
ಎಣಿಸುವುದಾದರೆ ಪೂರ್ತಿ ಎಣಿಸಿ ಸರ್. ಅದೇ ಜನಗಣತಿಯಲ್ಲಿ ಬಂಗಾಳಿ 9.7 ಕೋಟಿ, ಮರಾಠಿ 8.3 ಕೋಟಿ. ಆ ಎರಡಕ್ಕೂ ಡಬ್ ಇಲ್ಲ. ತಮಿಳಿಗಿಂತ ದೊಡ್ಡ ಭಾಷೆಗಳು ಅವು. ಅಂದಮೇಲೆ ಜನಸಂಖ್ಯೆಯ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ನನ್ನ ಪ್ರಕಾರ ಕಾರಣ ಡಬ್ಬಿಂಗ್ ಉದ್ಯಮ. ಚೆನ್ನೈ, ಹೈದರಾಬಾದಿನಲ್ಲಿ ದಶಕಗಳಿಂದ ಹಾಲಿವುಡ್, ಹಿಂದಿ, ಅಕ್ಕಪಕ್ಕದ ಭಾಷೆಯ ಸಿನಿಮಾಗಳು ಡಬ್ ಆಗುತ್ತಿವೆ. ಸ್ಟುಡಿಯೋ ಇದೆ, ಧ್ವನಿ ಕಲಾವಿದರು ಇದ್ದಾರೆ, ಮಾತನ್ನು ತುಟಿಗೆ ಹೊಂದಿಸಿ ಬರೆಯುವವರು ಇದ್ದಾರೆ. ಮುಖ್ಯವಾಗಿ, ಡಬ್ ನೋಡುವ ಅಭ್ಯಾಸ ಜನರಿಗೆ ಇದೆ. ಕರ್ನಾಟಕದಲ್ಲಿ ಐವತ್ತು ವರ್ಷ ಡಬ್ಬಿಂಗ್ ನಡೆಯಲು ಬಿಡಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಬೇರೆ ಸಂಘಗಳಿಗೂ ದಂಡ ಹಾಕಿದ ಮೇಲೆಯೇ ಬಾಗಿಲು ತೆರೆದದ್ದು. ಆ ಐವತ್ತು ವರ್ಷದ ನಷ್ಟವನ್ನು ಇವತ್ತು ಮಕ್ಕಳು ಕಟ್ಟುತ್ತಿದ್ದಾರೆ.

ಹಿರಿಯ_ಪ್ರೇಕ್ಷಕ
ಸ್ವಲ್ಪ ತಡೆಯಪ್ಪ. ನಾನು ಈ ವೇದಿಕೆಯಲ್ಲಿ ವಯಸ್ಸಾದವನು, ಅನಿಮೆ ನೋಡುವವನಲ್ಲ, ಮೊಮ್ಮಗಳಿಂದಾಗಿ ಓದುತ್ತಿದ್ದೇನೆ. ಡಬ್ಬಿಂಗ್ ವಿರೋಧ ಯಾಕೆ ಬಂತು ಅಂತ ತಿಳಿಯದೆ ಬೈಯಬೇಡಿ. 1960ರ ಆಸುಪಾಸಿನಲ್ಲಿ ಬೆಂಗಳೂರಿನ ಥಿಯೇಟರುಗಳಲ್ಲಿ ಕನ್ನಡ ಚಿತ್ರಕ್ಕೆ ಜಾಗ ಸಿಗುತ್ತಿರಲಿಲ್ಲ. ಡಬ್ ಆದ ಚಿತ್ರ ಅಗ್ಗ, ಹೊಸದಾಗಿ ತೆಗೆಯುವುದು ದುಬಾರಿ. ಹಾಗೇ ಬಿಟ್ಟಿದ್ದರೆ ನಮ್ಮ ಕಲಾವಿದರು, ತಂತ್ರಜ್ಞರು ಮದ್ರಾಸಿನಲ್ಲೇ ಸವೆದು ಹೋಗುತ್ತಿದ್ದರು. ಅ.ನ.ಕೃ., ಮ. ರಾಮಮೂರ್ತಿ ಬೀದಿಗೆ ಇಳಿದದ್ದು ಅದಕ್ಕೆ. ರಾಜ್‌ಕುಮಾರ್ ಅವರೂ ಜೊತೆ ನಿಂತರು. ಆ ಹೋರಾಟದಿಂದ ಒಂದು ಚಿತ್ರರಂಗ ಎದ್ದು ನಿಂತಿತು.

ಗ್ರಾಹಕ_ಕನ್ನಡಿಗ
ಹಿರಿಯರೇ, 1960ರಲ್ಲಿ ಅದು ಬೇಕಿತ್ತು ಅಂತ ನಾನೂ ಒಪ್ಪುತ್ತೇನೆ. 2000ದಲ್ಲಿ, 2010ರಲ್ಲಿ ಬೇಕಿತ್ತಾ? ಜಪಾನಿ ಅನಿಮೆಯಿಂದ ಯಾವ ಕನ್ನಡ ಕಲಾವಿದರ ಕೆಲಸ ಹೋಗುತ್ತಿತ್ತು? ಅಂಥದ್ದನ್ನು ಇಲ್ಲಿ ಯಾರೂ ಮಾಡುತ್ತಲೇ ಇರಲಿಲ್ಲವಲ್ಲ.

ಹಿರಿಯ_ಪ್ರೇಕ್ಷಕ
ಮಕ್ಕಳ ಕಾರ್ಟೂನಿಗೆ ತಡೆ ಇರಲಿಲ್ಲವಲ್ಲ. ಚಿಂಟು ಟಿವಿ 2009ರಿಂದ ಕನ್ನಡದಲ್ಲೇ ಕಾರ್ಟೂನ್ ಹಾಕಿತು. ನನ್ನ ಮೊಮ್ಮಗಳು ಕನ್ನಡ ಮಾತು ಕಲಿತದ್ದರಲ್ಲಿ ಅದರ ಪಾಲೂ ಇದೆ. ಅಂದರೆ ಧ್ವನಿ ಕೊಡುವವರು ನಮ್ಮಲ್ಲಿ ಇದ್ದಾರೆ. ಕೇಳುವವರು ಕೇಳಬೇಕು ಅಷ್ಟೇ.

ರಾತ್ರಿ_ಪಾಳಿ
ಹಿರಿಯರ ಈ ಮಾತು ದೊಡ್ಡದು. ಚಿಂಟು ನೋಡಿ ಬೆಳೆದವರು ಈಗ ಇಪ್ಪತ್ತು ದಾಟಿದ್ದಾರೆ, ಸಂಬಳ ಎಣಿಸುತ್ತಿದ್ದಾರೆ. ಕ್ರಂಚಿರೋಲ್‌ಗೆ ಬೇಕಾದ ಗಿರಾಕಿಗಳು ಅವರೇ.

ಬೆಂದಕಾಳೂರು
ನಾನು ಕೇಳುವುದು ಬೇರೆ. ಅನಿಮೆಗೆ ಡಬ್ ಯಾಕೆ ಬೇಕು? ಮೂಲ ಜಪಾನಿ ಧ್ವನಿಯಲ್ಲಿ ಇರುವ ಜೀವ ಯಾವ ಡಬ್‌ನಲ್ಲೂ ಬರುವುದಿಲ್ಲ. ಜಪಾನಿನಲ್ಲಿ ಧ್ವನಿ ಕಲಾವಿದರಿಗೆ ನಟರಷ್ಟೇ ಮರ್ಯಾದೆ. ಕನ್ನಡ ಸಬ್‌ಟೈಟಲ್ ಕೊಡಲಿ ಸಾಕು. ಖರ್ಚೂ ಕಡಿಮೆ.

ಗದ್ದೆ_ಬದು
ನಗರದಲ್ಲಿ ಕೂತು ಹೇಳುವುದು ಸುಲಭ ಅಣ್ಣ. ನಮ್ಮ ಹಳ್ಳಿಯಲ್ಲಿ ನಾನು ಟಿವಿಗೆ ಹಾಕಿದರೆ ಅಮ್ಮ, ಅಜ್ಜಿ, ಪಕ್ಕದ ಮನೆ ಹುಡುಗರು ಎಲ್ಲ ಕೂರುತ್ತಾರೆ. ಅಜ್ಜಿಗೆ ಓದಲು ಬರುವುದಿಲ್ಲ. ಆರು ವರ್ಷದ ಹುಡುಗನಿಗೆ ಅಷ್ಟು ಬೇಗ ಓದಲಾಗುವುದಿಲ್ಲ. ತೆಲುಗು ಡಬ್ ಹಾಕಿದರೆ ಸ್ವಲ್ಪ ತಿಳಿಯುತ್ತದೆ, ನಾವು ಗಡಿಯ ಹತ್ತಿರದವರು. ಹಾಗೇ ಆ ಹುಡುಗನ ಬಾಯಲ್ಲಿ ಆಟದ ಮಾತೆಲ್ಲ ತೆಲುಗು ಆಗುತ್ತಿದೆ. ತೆಲುಗಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮದೂ ಪಕ್ಕದಲ್ಲಿ ಇರಲಿ ಅಂತ ಆಸೆ.

ಬೆಂದಕಾಳೂರು
ಈ ದಿಕ್ಕಿನಿಂದ ನೋಡಿದರೆ ಡಬ್ ಬೇಕು, ಒಪ್ಪಿದೆ. ಎರಡೂ ಇರಲಿ.

ಕರಾವಳಿ_ಕೂಸು
ಎಲ್ಲಕ್ಕಿಂತ ಬೇಜಾರು ಏನು ಗೊತ್ತುಂಟಾ? 2024ರಲ್ಲಿ ಟೋಕಿಯೋದಲ್ಲಿ ಕ್ರಂಚಿರೋಲ್ ಅನಿಮೆ ಪ್ರಶಸ್ತಿ ಸಮಾರಂಭಕ್ಕೆ ಭಾರತದಿಂದ ಹೋದದ್ದು ರಶ್ಮಿಕಾ ಮಂದಣ್ಣ. ನಮ್ಮ ಕೊಡಗಿನವರು! ನರುಟೊ ಅಭಿಮಾನಿ ಬೇರೆ. ಭಾರತದ ಪ್ರಚಾರಕ್ಕೆ ಮುಖ ನಮ್ಮ ಊರಿನದ್ದು, ಡಬ್ ಪಟ್ಟಿಯಲ್ಲಿ ನಮ್ಮ ಭಾಷೆ ಮಾತ್ರ ಇಲ್ಲ.

ಸ್ಯಾನ್‌ಹೋಸೆ_ಗೌಡ
ಅವರು ಕೊಡವ ಭಾಷೆಯವರು, ಅದನ್ನೂ ಸೇರಿಸಬೇಕು ಹಾಗಾದರೆ.

ಕರಾವಳಿ_ಕೂಸು
ಸೇರಿಸಿ, ತುಳುವನ್ನೂ ಸೇರಿಸಿ. ಯಾರು ಬೇಡ ಅಂದರು?

ಮೈಸೂರು_ಮಲ್ಲಿಗೆ_07
ಡೀಮನ್ ಸ್ಲೇಯರ್ ಸರಣಿಯ ಇನ್ಫಿನಿಟಿ ಕ್ಯಾಸಲ್ ಸಿನಿಮಾ 2025ರ ಸೆಪ್ಟೆಂಬರ್ 12ಕ್ಕೆ ಭಾರತದಲ್ಲಿ ಬಂದಾಗಲೂ ಹಾಗೆಯೇ ಆಯಿತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ನಾನು ಮೈಸೂರಿನಲ್ಲಿ ನೋಡಿದೆ, ಹಾಲ್ ತುಂಬಿತ್ತು, ಮುಕ್ಕಾಲು ಪಾಲು ಕಾಲೇಜು ಮಕ್ಕಳು. ಸಾಲಿನಲ್ಲಿ ನಿಂತಾಗ ಸುತ್ತ ಎಲ್ಲ ಕನ್ನಡದ್ದೇ ಮಾತು. ಆದರೆ ಕಂಪನಿಯ ಲೆಕ್ಕದಲ್ಲಿ ಅವರೆಲ್ಲ ಜಪಾನಿ ಅಥವಾ ಹಿಂದಿ ಆವೃತ್ತಿಯ ಟಿಕೆಟ್. ಕನ್ನಡ ಅಂತ ಎಲ್ಲೂ ದಾಖಲಾಗುವುದಿಲ್ಲ. ನಮ್ಮ ನಿಜವಾದ ತೊಡಕು ಇದು. ಆಯ್ಕೆಯೇ ಇಲ್ಲದಿದ್ದರೆ ಬೇಡಿಕೆ ಕಾಣುವುದಾದರೂ ಹೇಗೆ?

ಟೋಕಿಯೋ_ಕನ್ನಡಿಗ
ಈ ಮಾತಿನಲ್ಲಿ ದಾರಿಯೂ ಇದೆ ಮೇಡಂ. ಟಿವಿ ಟೋಕಿಯೋ 2009ರಲ್ಲಿ ಒಪ್ಪಿದ್ದು ಯಾಕೆ? ಕಾಣದೇ ಇದ್ದ ಬೇಡಿಕೆಯನ್ನು ಯಾರೋ ಎಣಿಸಿ ತೋರಿಸಿದರು. ನಾವೂ ಎಣಿಸಿ ತೋರಿಸಬೇಕು.

ಹಳೇ_ಟೊರೆಂಟ್
ನಾನು ಮಾಡೋಣ ಅನ್ನುವುದು ಇಷ್ಟು: ಒಂದು ಸರಣಿಯ ಮೊದಲ ಮೂರು ಕಂತಿಗೆ ಕನ್ನಡ ಸಬ್‌ಟೈಟಲ್ ಬರೆದು ಹಂಚೋಣ. ವಿಡಿಯೋ ಕೊಡುವುದು ಬೇಡ, ಬರೀ ಅಕ್ಷರದ ಫೈಲ್. ಎಷ್ಟು ಜನ ಇಳಿಸಿಕೊಂಡರು ಅಂತ ಲೆಕ್ಕ ಸಿಗುತ್ತದೆ.

ವಕೀಲ_ಮಿತ್ರ
ದಯವಿಟ್ಟು ಬೇಡ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅನುವಾದ ಮಾಡುವ ಹಕ್ಕು ಕೂಡ ಮೂಲ ಹಕ್ಕುದಾರರದ್ದೇ. ವಿಡಿಯೋ ಇಲ್ಲದಿದ್ದರೂ ಸಂಭಾಷಣೆ ಒಂದು ಬರಹ. ಅದರ ಪೂರ್ತಿ ಅನುವಾದವನ್ನು ಒಪ್ಪಿಗೆ ಇಲ್ಲದೆ ಹಂಚಿದರೆ ತೊಂದರೆಗೆ ಸಿಲುಕುತ್ತೀರಿ. ದುಡ್ಡು ಮಾಡದಿದ್ದರೂ ಅಷ್ಟೇ. ನಾಳೆ ಇದೇ ಕಂಪನಿಯ ಮುಂದೆ ಬೇಡಿಕೆ ಇಡಬೇಕಾದವರು ನೀವು, ಇವತ್ತು ಅವರಿಂದ ನೋಟಿಸ್ ತಗೊಳ್ಳಬೇಡಿ.

ಹಳೇ_ಟೊರೆಂಟ್
ಆದರೆ ಅವರ ಅಡಿಪಾಯವೇ ಅಭಿಮಾನಿ ಸಬ್‌ಟೈಟಲ್ ಅಲ್ವಾ ವಕೀಲರೇ?

ವಕೀಲ_ಮಿತ್ರ
ಹೌದು. ಅದು ನಿಮ್ಮ ರಕ್ಷಣೆಗೆ ಬರುವುದಿಲ್ಲ.

ಬಣ್ಣದ_ಬುಗುರಿ
ಇನ್ನೊಂದು ಭಯ ನನಗೆ. "ಕನ್ನಡ ಬೇಕು" ಅಂತ ಜೋರಾಗಿ ಕೇಳಿದರೆ ಎಐ ಬಳಸಿ ಏನೋ ಒಂದು ತಳ್ಳಿಬಿಟ್ಟಾರು. 2025ರ ಜುಲೈನಲ್ಲಿ ಕ್ರಂಚಿರೋಲ್‌ನ ಒಂದು ಸರಣಿಯ ಜರ್ಮನ್ ಸಬ್‌ಟೈಟಲ್‌ನಲ್ಲಿ "ಚಾಟ್‌ಜಿಪಿಟಿ ಹೇಳಿತು" ಅನ್ನುವ ಅರ್ಥದ ಸಾಲು ಹಾಗೇ ಉಳಿದು ಹೋಗಿತ್ತು, ದೊಡ್ಡ ಗಲಾಟೆ ಆಯಿತು. ಜರ್ಮನ್‌ಗೇ ಹೀಗಾದರೆ ಕನ್ನಡದ ಗತಿ ಏನು? ಆದ್ದರಿಂದ ಕೇಳುವಾಗಲೇ ಸ್ಪಷ್ಟವಾಗಿ ಕೇಳಬೇಕು: ಕನ್ನಡ ಬರೆಯಬಲ್ಲ ಮನುಷ್ಯರು ಬರೆದದ್ದು, ಕನ್ನಡದ ಧ್ವನಿ ಕಲಾವಿದರು ಆಡಿದ್ದು.

ಗದ್ದೆ_ಬದು
ಕಂಪನಿಗೆ ನಾವೆಲ್ಲ ಒಂದು ಪತ್ರ ಬರೆಯೋಣ, ಇದನ್ನು ಅದರ ಮೊದಲ ಸಾಲಾಗಿ ಹಾಕಿ.

ನಿರ್ವಾಹಕ
ಎರಡು ಉತ್ತರಗಳಲ್ಲಿ ಪೈರಸಿ ಸೈಟಿನ ಲಿಂಕ್ ಇತ್ತು, ತೆಗೆದಿದ್ದೇನೆ. ಮತ್ತೆ ಹಾಕಿದರೆ ಖಾತೆ ಬಂದ್. ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ಸ್ಯಾನ್‌ಹೋಸೆ_ಗೌಡ
ಪತ್ರದ ಜೊತೆ ಒಂದು ಕೆಲಸ ಮಾಡೋಣ. ಚಂದಾ ಇರುವವರೆಲ್ಲ ತಮ್ಮ ತಮ್ಮ ಖಾತೆಯಿಂದಲೇ ಗ್ರಾಹಕ ಸೇವೆಗೆ ಬರೆಯಿರಿ. ಬರೀ ಸಹಿ ಅಭಿಯಾನ ಮಾಡಿದರೆ ದುಡ್ಡು ಕೊಡುವವರು ಯಾರು ಅಂತ ಅವರಿಗೆ ಗೊತ್ತಾಗುವುದಿಲ್ಲ. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಥ ಬೇಡಿಕೆಗಳನ್ನು ವಿಂಗಡಿಸುವ ಕೆಲಸ ಮಾಡಿದವನು. ದುಡ್ಡು ಕಟ್ಟುತ್ತಿರುವವರು, ಒಂದೇ ವಿಷಯ, ಬೇರೆ ಬೇರೆ ಮಾತಿನಲ್ಲಿ ಬರೆದರೆ ಅದು ಪಟ್ಟಿಯಲ್ಲಿ ಮೇಲಕ್ಕೆ ಬರುತ್ತದೆ. ಒಂದೇ ಪತ್ರವನ್ನು ಎಲ್ಲರೂ ನಕಲು ಹೊಡೆದರೆ ಒಂದೇ ಅಂತ ಎಣಿಸುತ್ತಾರೆ. ಅವರ ಹೈದರಾಬಾದ್ ಕಚೇರಿಗೂ ಒಂದು ಪ್ರತಿ ಹೋಗಲಿ.

ಗ್ರಾಹಕ_ಕನ್ನಡಿಗ
ಒಳ್ಳೆಯ ಸಲಹೆ ಗೌಡ್ರೇ. ಕನ್ನಡದಲ್ಲೇ ಬರೆಯೋಣವಾ, ಇಂಗ್ಲಿಷಿನಲ್ಲಾ?

ಸ್ಯಾನ್‌ಹೋಸೆ_ಗೌಡ
ಕನ್ನಡದಲ್ಲಿ ಬರೆದು ಕೆಳಗೆ ಎರಡು ಸಾಲು ಇಂಗ್ಲಿಷ್. ಯಾವ ಸರಣಿ ಮೊದಲು ಬೇಕು ಅಂತಲೂ ಹೆಸರಿಸಿ. "ಎಲ್ಲ ಬೇಕು" ಅಂದರೆ ಯಾರೂ ಯಾವುದನ್ನೂ ಮಾಡುವುದಿಲ್ಲ.

ಗದ್ದೆ_ಬದು
ಮಕ್ಕಳು ಅಜ್ಜಿಯರು ಕೂಡಿ ನೋಡುವಂಥದ್ದು ಮೊದಲು ಇರಲಿ. ರಕ್ತ ಚೆಲ್ಲುವುದು ಆಮೇಲೆ ನೋಡೋಣ.

ರಾತ್ರಿ_ಪಾಳಿ
ಆಟೋಟದ ಸರಣಿ ಯಾವುದಾದರೂ. ವಾಲಿಬಾಲ್ ಆಗಲಿ, ನಮ್ಮ ಊರಿನಲ್ಲಿ ವಾಲಿಬಾಲ್ ಆಡದ ಹುಡುಗ ಇಲ್ಲ.

ಬೆಂದಕಾಳೂರು
ವಾಲಿಬಾಲ್‌ಗೆ ನನ್ನ ಮತ. ಮಲಯಾಳಂನವರಿಗೂ ಡಬ್ ಇಲ್ಲ, ಅವರ ಗುಂಪಿನಲ್ಲಿ ನನ್ನ ಗೆಳೆಯರಿದ್ದಾರೆ. ಅವರೂ ಅದೇ ವಾರ ಬರೆಯಲಿ ಅಂತ ಇವತ್ತು ರಾತ್ರಿ ಕೇಳುತ್ತೇನೆ.